ಸ್ಟೆಲ್ಲಾ ಹಾಡಿನ ಕೊನೆಯಲ್ಲಿ ಕೂಗಿದವರು

ನನ್ನ ತಮ್ಮನ ಮಗಳು ಪವಿತ್ರ ಬಂಗಾರಪೇಟೆಯಲ್ಲಿ ಸೌಂಡ್ ಕೆಲಸ ಶುರು ಮಾಡಿದ್ದಾಳೆ. ಮದುವೆ ವಿಡಿಯೋಗಳಿಗೆ ಹಾಡು ಕೂಡಿಸೋದು, ಹಳೇ ಕ್ಯಾಸೆಟ್ಟುಗಳನ್ನ ಕಂಪ್ಯೂಟರಿಗೆ ಇಳಿಸಿ ಗೊರಗೊರ ಸದ್ದೆಲ್ಲ ತೆಗೆದು ಕೊಡೋದು. ಹೋದ ವಾರ ಮೊಬೈಲ್ ಹಿಡ್ಕೊಂಡು ಮನೆಗೆ ಬಂದಳು.

"ದೊಡ್ಡಪ್ಪಾ, ಇದು ನೀನು ರೆಕಾರ್ಡ್ ಮಾಡಿದ್ದಂತೆ. ಊರಿಗಾಂನಿಂದ ಸ್ಟೆಲ್ಲಾ ಮೇಡಂ ತಂದ್ಕೊಟ್ರು. ಎಲ್ಲಾ ಚೆನ್ನಾಗೈತೆ. ಆದ್ರೆ ಕೊನೇ ಹಾಡು ಮುಗಿಯೋ ಒತ್ತಿಗೆ ಯಾರೋ ಜೋರಾಗಿ ಕಿರಚ್ತಾರೆ. ಅದನ್ನ ಕತ್ತರಿಸಿಬಿಡ್ಲಾ?"

"ಇರು" ಅಂದೆ. ಅಷ್ಟೇ ಅಂದಿದ್ದು. ಉತ್ತರ ಕೊಡಬೇಕು ಅಂದ್ರೆ ನನ್ನ ಕೆಲಸದ ಅರ್ಧ ಕತೆ ಹೇಳಬೇಕಾಗುತ್ತೆ, ಅವಳಿಗೆ ಪುರುಸೊತ್ತಿರಲಿಲ್ಲ. ಅದಕ್ಕೇ ಬರೀತಾ ಇದೀನಿ. ಈ ಕೆಲಸಕ್ಕೆ ಬರೋ ಬೇರೆ ಹುಡುಗ ಹುಡುಗೀರೂ ಓದಿಕೊಂಡರೆ ಸಂತೋಷ. ಓದದಿದ್ರೆ ಅವರ ಕರ್ಮ.

ನಾನು ಮುನಿರಾಜು, ಬೂದಿಕೋಟೆ ಪಕ್ಕದ ಹಳ್ಳಿಯವನು. ಮನೇಲಿ ರಾಗಿ ಹೊಲ, ಕರೆಯೋ ಹಸುಗಳು. ನನಗೆ ಎರಡೂ ಒಗ್ಗಲಿಲ್ಲ. ಹಾಲು ಕರೆಯೋಕೆ ಕೂತರೆ ಬಕೆಟ್ಟಿಗೆ ಹಾಲು ಬೀಳೋ ಸದ್ದು ಕೇಳ್ತಾ ಮೈಮರೀತಿದ್ದೆ, ಹಸು ಒದ್ದು ಎಬ್ಬಿಸ್ತಿತ್ತು. "ಇವನಿಗೆ ಮೈ ಬಗ್ಗಲ್ಲ, ಕಿವಿ ಒಂದು ನೆಟ್ಟಗೈತೆ" ಅಂತ ಬೈದು ನಮ್ಮಪ್ಪ ನನ್ನನ್ನ ಬಂಗಾರಪೇಟೆ ಸ್ಟೇಷನ್ ಹತ್ತಿರ ಖಾದರ್ ಸಾಬರ ಮೈಕ್ ಸೆಟ್ ಅಂಗಡಿಗೆ ತಳ್ಳಿದ. ಎಪ್ಪತ್ತರ ದಶಕದ ಶುರು ಅದು. ಮದುವೆ, ಹರಿಕಥೆ, ಎಲೆಕ್ಷನ್ನು, ಸುತ್ತಮುತ್ತ ಏನೇ ನಡೆದರೂ ನಮ್ಮ ಅಂಗಡಿಯ ಹಾರನ್ನೇ ಕೂಗಬೇಕು.

ಕೆಲಸ ಅಂದ್ರೆ ಬಟನ್ ತಿರುಗಿಸೋದು ಅಂದ್ಕೊಂಡು ಹೋದವನು ನಾನು. ಬಹಳ ದಿನ ಮಾಡಿದ್ದು ಮರ ಹತ್ತೋದು, ಹಾರನ್ನು ಕಟ್ಟೋದು, ಮರ ಇಳಿಯೋದು. ಕೊನೆಗೊಂದು ಮದುವೆಗೆ ಸಾಬರು ನನ್ನೊಬ್ಬನನ್ನೇ ಕಳಿಸಿದರು. ನಾನು ಹುಮ್ಮಸ್ಸಿನಲ್ಲಿ ಹಾರನ್ನನ್ನ ಮದುವೆ ಮನೆಯವರ ಕೊಟ್ಟಿಗೆ ಕಡೆಗೇ ಮುಖ ಮಾಡಿ ಕಟ್ಟಿಬಿಟ್ಟೆ. ಬೆಳಿಗ್ಗೆ ಒಂದು ಹಸುವೂ ಸೊರೆ ಬಿಡಲಿಲ್ಲ. ಬೀಗರು ಕಾಫಿಗೆ ಕಾದು ಕೂತಿದ್ದಾರೆ, ಮನೇಲಿ ಹಾಲಿಲ್ಲ. ಮದುಮಗಳ ಅಜ್ಜಿ ಪೊರಕೆ ತಗೊಂಡು ನನ್ನನ್ನ ಕೆರೆ ಏರಿವರೆಗೆ ಅಟ್ಟಿದರು.

ಸಾಬರು ಕೇಳಿ ಹೊಟ್ಟೆ ಹಿಡ್ಕೊಂಡು ನಕ್ಕರು. ಆಮೇಲೆ ಕಿವಿ ಹಿಂಡಿ ಹೇಳಿದರು, "ಸದ್ದು ಎಲ್ಲಿಂದ ಬರುತ್ತೆ ಅಂತ ನೋಡ್ತೀಯಲ್ಲಾ, ಯಾರ ಕಿವಿಗೆ ಹೋಗುತ್ತೆ ಅಂತ ಯಾರು ನೋಡ್ತಾರೆ, ನಿಮ್ಮಪ್ಪನಾ?"

ಅವರು ಕಲಿಸಿದ್ದು ಇನ್ನೊಂದಿದೆ. ಮಾತು ಮೇಲಿರಬೇಕು, ಗುಡುಗು ಕೆಳಗಿರಬೇಕು. ಗುಡುಗು ಅಂದ್ರೆ ಬೇಸ್, ಎದೆಗೆ ಗುದ್ದೋ ದಪ್ಪ ಸದ್ದು. ಆ ಕಾಲದ ಹಾರನ್ನಿಗೆ ಬೇಸ್ ತಡೆಯೋ ಶಕ್ತಿ ಇರಲಿಲ್ಲ, ಒದರಿಬಿಡ್ತಿತ್ತು. ಅದಕ್ಕೆ ಬೇಸ್ ಬಟನ್ನನ್ನ ಪೂರ್ತಿ ಇಳಿಸೋದೇ ನಮ್ಮ ಅಂಗಡಿಯ ಧರ್ಮ. ಸಾಬರಿಗೆ ವಯಸ್ಸಾಗಿ ಅಂಗಡಿ ನನ್ನ ಕೈಗೆ ಬಂತು, ಕ್ಯಾಸೆಟ್ಟಿನ ಕಾಲವೂ ಬಂತು. ಮದರಾಸಿನಿಂದ ಒಂದು ಹಳೇ ರೆಕಾರ್ಡರ್ ತಂದು ಭಜನೆ, ಹರಿಕಥೆ, ಬುರ್ರಕಥೆ ರೆಕಾರ್ಡ್ ಮಾಡೋಕೆ ಕೂತೆ. ಎಷ್ಟು ಕ್ಯಾಸೆಟ್ ಮಾಡಿದರೂ ಬೇಸ್ ಬಟನ್ನನ್ನ ಮೇಲಕ್ಕೆ ಏರಿಸಿದವನಲ್ಲ.

ಆಗ ಬಂದವಳು ಸ್ಟೆಲ್ಲಾ. ಎಂಬತ್ತರ ದಶಕದ ನಡುವೆ ಇರಬೇಕು. ಊರಿಗಾಂ ಚಿನ್ನದ ಗಣಿಯ ಲೈನಿನ, ಅಂದ್ರೆ ಕಾರ್ಮಿಕರ ಮನೆಸಾಲಿನ ಹುಡುಗಿ, ಸಣ್ಣ ಮಕ್ಕಳ ಸ್ಕೂಲಲ್ಲಿ ಟೀಚರು. ಬಸ್ಸಿಳಿದು ಸೀದಾ ಅಂಗಡಿಗೆ ಬಂದು ಸ್ಟೂಲ್ ಎಳ್ಕೊಂಡು ಕೂತಳು. ತಮಿಳು ಬೆರೆತ ಕನ್ನಡ ಅವಳದು, ಹಾಡು ಅಂದ್ರೆ ಪಾಟು, ಹಾಡ್ತೀನಿ ಅಂದ್ರೆ ಆಡ್ತೀನಿ.

"ಅಣ್ಣಾ, ನಮ್ಮನೆಯೋರೇ ಒಂದು ಗ್ರೂಪು. ನಾನು ಆಡ್ತೀನಿ, ತಮ್ಮ ಜೋಸೆಫ್ ಬೇಸ್ ಗಿಟಾರು, ತಂಗಿ ಲೀನಾ ಡ್ರಮ್ಮು, ಅಮ್ಮ ಚರ್ಚಿನಾಗೆ ಆರ್ಗನ್ ನುಡಿಸ್ತಾರೆ, ಇಲ್ಲೂ ಅವರೇ. ಮದುವೇಲಿ, ಕ್ರಿಸ್‌ಮಸ್ಸಿನಾಗೆ ಇನ್ನೊಬ್ಬರ ಪಾಟು ಆಡಿ ಆಡಿ ಸಾಕಾಯ್ತು. ನಮ್ದೇ ಪಾಟು ಕಟ್ಟಿದೀವಿ. ಮೊದಲನೇ ಆಲ್ಬಂ. ಡಾನ್ಸು, ರಿದಮ್ ಅಂಡ್ ಬ್ಲೂಸು."

"ಅದೇನಮ್ಮಾ ರಿದಮ್ ಅಂಡ್ ಬ್ಲೂಸು?"

"ಮೊದ್ಲು ಕಾಲು ಕುಣೀಬೇಕು, ಆಮ್ಯಾಕೆ ಮನಸ್ಸು ಅಳಬೇಕು. ಎರಡೂ ಒಂದೇ ಪಾಟಿನಾಗೆ."

"ಅಂಗಾದ್ರೆ ನಮ್ಮೂರ ಸಾವಿನ ತಮಟೆ ಕಣಮ್ಮಾ!" ಅಂದೆ. ಕೋಪ ಮಾಡ್ಕೊಂತಾಳೆ ಅಂದ್ಕೊಂಡೆ. ಅವಳು ಸ್ಟೂಲಿನಿಂದ ಎದ್ದುಬಿಟ್ಟಳು. "ಅದೇ ಅಣ್ಣಾ, ಅದೇ! ನಿಮಗೆ ಅರ್ಥ ಆಯ್ತು." ನನಗೇನೂ ಅರ್ಥ ಆಗಿರಲಿಲ್ಲ, ಆದರೂ ಒಪ್ಪಿಕೊಂಡೆ.

ಗ್ರೂಪಿನ ಹೆಸರು ಲ್ಯಾಂಪ್‌ರೂಮ್. ಗಣಿಗೆ ಇಳಿಯೋ ಮುಂಚೆ ತಲೆಗೆ ಕಟ್ಟೋ ದೀಪ ಕೊಡೋ ಕೋಣೆಗೆ ಹಾಗಂತಾರೆ. ರೆಕಾರ್ಡಿಂಗಿಗೆ ನಮ್ಮ ಬಂಗಾರಪೇಟೆ ಆಗಲಿಲ್ಲ, ಹೊತ್ತುಗೊತ್ತಿಲ್ಲದೆ ಕರೆಂಟು ಹೋಗೋದು. ಅದೇ ಊರಿಗಾಂನಲ್ಲಿ ಗಣಿಗೆ ಬರೋ ಕರೆಂಟು, ದೀಪ ಮಿಣುಕೋದೂ ಅಪರೂಪ. ಲೈನಿನ ಪಕ್ಕ ಒಂದು ಹಳೇ ಹಾಲ್ ಸಿಕ್ಕಿತು. ಗೋಡೆ ಪೂರ್ತಿ ನಮ್ಮೂರಿನ ಕಂಬಳಿ, ಗೋಣಿಚೀಲ ನೇತುಹಾಕಿದೆ. ಲೀನಾ ಮೂಗು ಮುಚ್ಚಿಕೊಂಡು, "ಅಣ್ಣಾ, ಇದೇನು ಸ್ಟುಡಿಯೋನಾ ಕುರಿ ದೊಡ್ಡಿನಾ?" ಅಂದಳು. ಆದರೆ ಅವಳು ಡ್ರಮ್ ಹಿಂದೆ ಕೂತು ಕೈ ಎತ್ತಿ ಬಾರಿಸಿದಳು ನೋಡಿ. ಅಂಥಾ ತಾಳ ನಾನು ಗಂಡಸರ ಕೈಲೂ ಕೇಳಿರಲಿಲ್ಲ. ಜೋಸೆಫ್ ಗಣಿಯಲ್ಲಿ ಕೆಲಸಕ್ಕಿದ್ದ ಹುಡುಗ, ಮಾತು ಕಮ್ಮಿ, ಏನಿದ್ರೂ ಆ ದಪ್ಪ ತಂತಿಗಳಲ್ಲೇ ಹೇಳೋನು. ತಾಯಿ ಮೇರಿಯಮ್ಮ ಆರ್ಗನ್ ಮುಂದೆ ಕೂತು ಶಿಲುಬೆ ಗುರುತು ಮಾಡಿಕೊಂಡೇ ಡಾನ್ಸ್ ಪಾಟು ಶುರು ಮಾಡೋರು.

ಹಾಲಿನ ಹಿಂದುಗಡೆ ಬೆಂಚಿನ ಮೇಲೆ ಒಬ್ಬರು ಕೂತಿರ್ತಿದ್ದರು. ಅವರೇ ಆರೋಗ್ಯಸ್ವಾಮಿ, ಈ ಮಕ್ಕಳ ತಂದೆ. ಬಂಡೆ ಕೊರೆಯೋ ಡ್ರಿಲ್ಲರು. ವರ್ಷಾನುಗಟ್ಟಲೆ ಆ ಮೆಷಿನ್ ಸದ್ದಿನಲ್ಲಿ ನಿಂತು ಕಿವಿ ಪೂರ್ತಿ ಹೋಗಿತ್ತು. ಆಗ ಗಣಿಗೆ ಇಳಿಯದೆ ಮೇಲಿನ ಮರದ ಯಾರ್ಡಿನಲ್ಲಿ ಕೆಲಸ. ಕೆಳಗೆ ಡ್ರಿಲ್ ಓಡುವಾಗ ಕಾರ್ಮಿಕರು ಕೈಸನ್ನೆಯಲ್ಲೇ ಮಾತಾಡ್ತಾರಲ್ಲ, ಮನೆಯವರೆಲ್ಲ ಅವರ ಜೊತೆ ಹಾಗೇ ಮಾತಾಡೋರು. ಅವರು ಮಾತ್ರ ಬಾಯಲ್ಲೇ ಉತ್ತರ ಕೊಡೋರು, ತಮಗೆ ಕೇಳಿಸದ ಕಾರಣ ಬೀದಿಗೇ ಕೇಳೋ ಹಾಗೆ.

ಅವರದ್ದೊಂದು ಅಭ್ಯಾಸ ಇತ್ತು. ಗಣಿಯೊಳಗೆ ಹೊಸ ಜಾಗಕ್ಕೆ ಹೋದ ತಕ್ಷಣ ಕಬ್ಬಿಣದ ಸಲಾಕೆಯಿಂದ ಮೇಲಿನ ಬಂಡೆಗೆ ಬಡಿದು, ಇನ್ನೊಂದು ಅಂಗೈಯನ್ನ ಬಂಡೆಗೆ ಒತ್ತಿ ನೋಡ್ತಾರೆ. ಬಂಡೆ ಒಳಗೆ ಬಿಟ್ಟುಕೊಂಡಿದ್ದರೆ ಅದುರೋದೇ ಬೇರೆ. ಗಟ್ಟಿ ಅಂದ್ರೆ ಕೆಲಸ, ಪೊಳ್ಳು ಅಂದ್ರೆ ಎಲ್ಲರೂ ಆಚೆಗೆ. ಕಿವಿ ಹೋದ ಮೇಲೆ ಅವರಿಗೆ ಅಂಗೈಯೇ ಎಲ್ಲ ಆಗಿತ್ತು. ಹಲಸಿನಹಣ್ಣು, ಬಾಗಿಲು, ನನ್ನ ಸ್ಪೀಕರ್ ಡಬ್ಬ, ಎಲ್ಲವನ್ನೂ ತಟ್ಟಿ ಗಟ್ಟಿ, ಪೊಳ್ಳು ಅಂತ ತೀರ್ಪು ಕೊಡೋರು. ಬಹಳ ಸಲ ತಪ್ಪಾಗೋದು, ಹಲಸು ಕೊಯ್ದರೆ ಕಾಯಿ ಇರೋದು. ಒಂದು ದಿನ ನನ್ನ ತಲೆ ತಟ್ಟಿ, "ಪೊಳ್ಳು, ತಂಬಿ!" ಅಂದರು. ಲೀನಾ ನಕ್ಕೂ ನಕ್ಕೂ ಡ್ರಮ್ ಕಡ್ಡಿ ಬೀಳಿಸಿದಳು.

ಬೇಸ್ ವಿಷಯಕ್ಕೆ ಸ್ಟೆಲ್ಲಾಗೂ ನನಗೂ ಜಗಳ ಹತ್ತಿತು. ಅವಳು ಏರಿಸಿ ಅಂತಾಳೆ, ನಾನು ಆಗಲ್ಲ ಅಂತೀನಿ. "ಮನೆಮನೇಲಿ ಇರೋದು ಸಣ್ಣ ಟೇಪ್‌ರೆಕಾರ್ಡರ್ ಕಣಮ್ಮಾ, ಗೊರಗೊರ ಅನ್ನುತ್ತೆ. ಜನ ತಂದು ನನ್ನ ಮುಖಕ್ಕೆ ಎಸೀತಾರೆ. ಹಾಡೋಳು ನೀನು, ನಿನ್ನ ಧ್ವನಿ ಮೇಲಿರಬೇಕೋ ಬೇಡವೋ?" ಅಂತ ನಾನು ರೇಗಿದೆ. ಅವಳು ಎದ್ದು ಆಚೆ ಹೋದಳು.

ಮೇರಿಯಮ್ಮ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟು, ಮೆಲ್ಲಗೆ ಹೇಳಿದರು. "ತಂಬಿ, ಅವಳು ಕೇಳೋದು ಅಂಗಡಿಗಲ್ಲ. ಅವಳು ಲಂಗ ಉಡೋವಾಗ ಆಡಿದ್ದನ್ನ ಅವಳಪ್ಪ ಕೇಳಿದ್ದೇ ಕಡೆ. ದೊಡ್ಡೋಳಾದ ಮೇಲೆ ಆ ಧ್ವನಿ ಎಂಗಾಯ್ತು ಅಂತ ಅವ್ರಿಗೆ ಗೊತ್ತೇ ಇಲ್ಲ. ಸಣ್ಣ ಸದ್ದು ಅವ್ರಿಗೆ ಬರಾಕಿಲ್ಲ. ದಪ್ಪ ಸದ್ದಾದ್ರೆ ಡಬ್ಬದ ಮೇಲೆ ಕೈಯಿಟ್ರೆ ಬತ್ತದೆ. ಮಕ್ಕಳು ಇಷ್ಟೆಲ್ಲಾ ಮಾಡ್ತಿರೋದು ಅಪ್ಪ ಒಂದು ಸಲ ಕೇಳ್ಲಿ ಅಂತ."

ನಾನು ಟೀ ಕುಡಿದೆ. ಒಪ್ಪಿದೆ ಅಂತ ಬಾಯಿಬಿಟ್ಟು ಹೇಳಲಿಲ್ಲ, ನನ್ನ ಹಟ ನನ್ನದು. ಮಿಕ್ಸ್ ಮಾಡುವಾಗ ಮತ್ತೆ ಕೈ ಹಳೇ ಕಡೆಗೇ ಹೋಯಿತು. ಆ ಬಟನ್ನಿನ ಮೇಲೆ ಖಾದರ್ ಸಾಬರು ಕೂತಿದ್ದರು ಅನ್ನಿ.

ಕೊನೆಯ ಹಾಡೊಂದು ಬಿಟ್ಟು ಉಳಿದದ್ದೆಲ್ಲ ಮುಗಿದ ಮೇಲೆ ಒಂದು ಕೆಲಸದ ದಿನ ಮಧ್ಯಾಹ್ನ ಕೇಳೋಕೆ ಕೂತೆವು. ಜೋಸೆಫ್ ಕೆಳಗೆ ಗಣಿಯಲ್ಲಿ ಶಿಫ್ಟಿನಲ್ಲಿದ್ದ, ಅವನ ಗಿಟಾರನ್ನ ಭಾನುವಾರಗಳಲ್ಲೇ ರೆಕಾರ್ಡ್ ಮಾಡಿಟ್ಟಿದ್ದೆ. ಆರೋಗ್ಯಸ್ವಾಮಿ ಅವರಿಗೆ ರಜೆ. ಬಿಳೀ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ ಬಂದಿದ್ದರು. ದೊಡ್ಡ ಸ್ಪೀಕರ್ ಡಬ್ಬದ ಪಕ್ಕ ಕುರ್ಚಿ ಹಾಕಿಸ್ಕೊಂಡು ಅಂಗೈ ಇಟ್ಟರು. ನಾನು ಟೇಪ್ ಬಿಟ್ಟೆ. ಹಾಡು ಶುರುವಾಯಿತು, ಸ್ಟೆಲ್ಲಾ ಧ್ವನಿ ಹಾಲ್ ತುಂಬಿತು. ಅವರು ಕೈ ಸ್ವಲ್ಪ ಆಕಡೆ ಇಟ್ಟರು, ಸ್ವಲ್ಪ ಈಕಡೆ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

"ತಂಬಿ, ಮೆಷಿನ್ ಓಡ್ತಾ ಐತಾ?"

ಸ್ಟೆಲ್ಲಾ ನನ್ನ ಮುಖ ನೋಡಲಿಲ್ಲ, ನೆಲ ನೋಡ್ತಿದ್ದಳು. ನಾನು ಟೇಪ್ ಹಿಂದಕ್ಕೆ ತಿರುಗಿಸಿ ಬೇಸ್ ಬಟನ್ ಹಿಡಿದು ಪೂರ್ತಿ ಏರಿಸಿದೆ. ಸಾಬರೇ ಕ್ಷಮಿಸಿ ಅಂದ್ಕೊಂಡು ಏರಿಸಿದೆ. ಡಬ್ಬದ ಮೇಲಿದ್ದ ಟೀ ಲೋಟ ನಡುಗೋಕೆ ಶುರುವಾಯಿತು. ಅವರ ಮುಖ ಅರಳಿತು. "ಜೋಸೆಫ್!" ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಇದು ಲೀನಾ. ಏಯ್, ಓಡಬ್ಯಾಡಮ್ಮಾ, ಅಣ್ಣನ್ನ ಕರ್ಕೊಂಡೋಗು!" ಕಣ್ಣು ಮುಚ್ಚಿ ತಲೆ ಆಡಿಸ್ತಾ ಕೂತರು.

ಆಗ ಧಡ್ ಅಂತ ಒಂದು ಏಟು ಬಂತು. ಕಿಟಕಿಗಳು ಗಡಗಡ ಅಂದವು, ಹೆಂಚಿನ ಸಂದಿಯಿಂದ ಮಣ್ಣು ಉದುರಿತು. ನಾನು ಹಳ್ಳಿಯವನು, ನನಗೇನು ಗೊತ್ತು? ನಾನು ಬೇಸ್ ಏರಿಸಿದ್ದಕ್ಕೆ ಸ್ಪೀಕರ್ ಹೊಡೆದುಹೋಯಿತು ಅಂದ್ಕೊಂಡು ಓಡಿ ಪ್ಲಗ್ ಕಿತ್ತೆ. ಹಾಲ್ ಗಪ್‌ಚಿಪ್ ಆಯಿತು. ನೋಡಿದರೆ ಮೇರಿಯಮ್ಮ, ಸ್ಟೆಲ್ಲಾ, ಲೀನಾ ಮೂವರೂ ಎದ್ದು ನಿಂತಿದ್ದಾರೆ, ಮುಖದಲ್ಲಿ ರಕ್ತ ಇಲ್ಲ. ಅದು ಏರ್‌ಬ್ಲಾಸ್ಟು. ಆಳದಲ್ಲಿ ಒತ್ತಡ ತಾಳಲಾರದೆ ಬಂಡೆ ತಾನಾಗೇ ಸಿಡಿಯೋದು. ಕೆಳಗೆ ಜೋಸೆಫ್ ಇದ್ದಾನೆ.

ಆರೋಗ್ಯಸ್ವಾಮಿ ಒಬ್ಬರೇ ಕಣ್ಣು ಮುಚ್ಚಿಕೊಂಡು, ಡಬ್ಬದ ಮೇಲೆ ಕೈಯಿಟ್ಟುಕೊಂಡು ನಗ್ತಾ ಕೂತಿದ್ದರು.

"ಆಹಾ! ಇದು ಏಟು ಅಂದ್ರೆ! ಜೋಸೆಫ್, ನೀನೇನಾ ಒಡ್ದಿದ್ದು? ತಂಬಿ, ಇದೊಂದು ತಿರುಗಾ ಆಕು."

ಜೀವಮಾನವೆಲ್ಲಾ ಆ ಏಟಿಗೆ ಹೆದರಿ ಬದುಕಿದ ಮನುಷ್ಯ, ಮಗನ ಹಾಡು ಕೇಳೋ ಆಸೆಯಲ್ಲಿ ಅದನ್ನೇ ಮಗನ ಕೈ ಅಂದ್ಕೊಂಡಿದ್ದರು. ಸ್ಟೆಲ್ಲಾ ಹೋಗಿ ಭುಜ ಮುಟ್ಟಿ, ಅಂಗೈಯನ್ನ ಮೇಲಿಂದ ಕೆಳಕ್ಕೆ ಒತ್ತಿ ತೋರಿಸಿದಳು. ಕೆಳಗಿನವರ ಸನ್ನೆ ಅದು, ಬಂಡೆ ಬಿತ್ತು ಅಂತ. ಅವರು ಕಣ್ಣುಬಿಟ್ಟು ಎಲ್ಲರ ಮುಖ ನೋಡಿದರು. ಡಬ್ಬದಿಂದ ಕೈ ತೆಗೆದು, ಆ ಕೈಯನ್ನೇ ಒಂದು ಸಲ ನೋಡಿಕೊಂಡು ಎದ್ದರು.

ಗಣಿಗೆ ಇಳಿಯೋ ಶಾಫ್ಟಿನ ಬಾಯಿಗೆ ಎಲ್ಲರೂ ನಡೆದೆವು. ಲೈನಿನ ಮನೆಗಳಿಂದೆಲ್ಲ ಹೆಂಗಸರು ಬರ್ತಿದ್ದರು. ಒಬ್ಬರೂ ಕೂಗಾಡಲ್ಲ, ಒಬ್ಬರೂ ಅಳಲ್ಲ, ಬಂದು ಬಂದು ನಿಲ್ತಾರೆ ಅಷ್ಟೇ. ನನಗೆ ತಡೆಯೋಕಾಗದೆ ಗೇಟಿನವನ ಹತ್ತಿರ ಹೋಗಿ ಜೋಸೆಫ್ ಅಂತ ಒಬ್ಬ ಹುಡುಗ ಅಂತ ಶುರು ಮಾಡಿದೆ. ಮೇರಿಯಮ್ಮ ಬಂದು ನನ್ನ ಮಣಿಕಟ್ಟು ಹಿಡಿದು ಎಳೆದರು.

"ಎಸ್ರು ಕೇಳಬಾರ್ದು ತಂಬಿ, ಇಲ್ಲಿ ಯಾರೂ ಕೇಳಲ್ಲ. ನಮ್ಮೋನು ಬ್ಯಾಡ ಅಂದ್ರೆ ಇನ್ನೊಬ್ಳ ಮಗ ಅಂತ ಕೇಳ್ಕೊಂಡಂಗೆ. ಆ ಇನ್ನೊಬ್ಳೂ ಇಲ್ಲೇ ನಿಂತವಳೆ."

ನಾನೂ ಹೋಗಿ ಅವರ ಪಕ್ಕ ನಿಂತೆ. ಕಾರ್ಮಿಕರನ್ನ ಹೊತ್ತ ಕೇಜ್ ಮೇಲೆ ಬಂತು. ಇಳಿದವರು ಕೈ ಎತ್ತಿ ತೋರಿಸಿದರು, ಮುಂದಿನದ್ದರಲ್ಲಿ ಬರ್ತಾರೆ ಅಂತ. ಇಬ್ಬರನ್ನ ಸ್ಟ್ರೆಚರಿನಲ್ಲಿ ತಂದರು, ಜೀವಕ್ಕೇನೂ ಆಗಿರಲಿಲ್ಲ. ಎಲ್ಲರ ಹಿಂದೆ, ಮೈಯೆಲ್ಲಾ ಬೂದಿ ಬಳಿದ ಹಾಗೆ ಧೂಳು ಮೆತ್ತಿಕೊಂಡು ಜೋಸೆಫ್ ಬಂದ.

ಆರೋಗ್ಯಸ್ವಾಮಿ ಗುಂಪು ಸರಿಸಿಕೊಂಡು ಹೋದರು. ಅವನನ್ನ ತಬ್ಬಿಕೊಳ್ಳಲಿಲ್ಲ. ಅಂಗೈ ತೆಗೆದು ಅವನ ಎದೆ ಮೇಲಿಟ್ಟು ಒತ್ತಿ ನಿಂತರು. ಬಹಳ ಹೊತ್ತು ನಿಂತರು. ಜೋಸೆಫ್ ಉಸಿರು ಬಿಗಿ ಹಿಡಿದು ಗೋಡೆಯ ಹಾಗೆ ನಿಂತಿದ್ದ.

"ಗಟ್ಟಿ!" ಅಂದರು ಆರೋಗ್ಯಸ್ವಾಮಿ. ಅವರ ಧ್ವನಿ ಗೊತ್ತಲ್ಲ, ಶಾಫ್ಟಿನ ಸುತ್ತ ನಿಂತ ಅಷ್ಟೂ ಜನಕ್ಕೆ ಕೇಳಿತು. ಎಲ್ಲೋ ಒಂದು ಹೆಂಗಸು ಕಿಸಕ್ಕನೆ ನಕ್ಕಿತು. ಆಮೇಲೆ ಎಲ್ಲರೂ ಅಳೋಕೆ ಶುರು ಮಾಡಿದರು, ನಾನೂ ಅತ್ತೆ. ನಾಚಿಕೆ ಏನು ಬಂತು ಅದಕ್ಕೆ?

ಮುಂದಿನ ಭಾನುವಾರ ಕೊನೆಯ ಹಾಡಿಗೆ ಸೇರಿದೆವು. ನಿಧಾನದ ಹಾಡದು, ಸ್ಟೆಲ್ಲಾ ತಾನೇ ಕಟ್ಟಿದ್ದು. ಮೈಕಿನ ಮುಂದೆ ನಿಂತಳು, ಶುರು ಮಾಡಲಿಲ್ಲ. ಹಿಂದೆ ಹೋಗಿ ಅಪ್ಪನ ಕೈ ಹಿಡಿದು ಕರ್ಕೊಂಡು ಬಂದು ತನ್ನ ಬೆನ್ನ ಹಿಂದೆ ನಿಲ್ಲಿಸಿದಳು. ಅವರ ಅಂಗೈಯನ್ನ ತನ್ನ ಬೆನ್ನ ಮೇಲೆ, ಎರಡು ಹೆಗಲಿನ ನಡುವೆ ಇಟ್ಟುಕೊಂಡಳು.

ಹಾಡೋರ ಹತ್ತಿರ ಇನ್ನೊಬ್ಬರು ನಿಲ್ಲಬಾರದು ಅನ್ನೋದು ನಮ್ಮ ಕೆಲಸದ ಮೊದಲ ಪಾಠ. ಬಟ್ಟೆ ಸರಪರ ಅನ್ನುತ್ತೆ, ಉಸಿರು ಬರುತ್ತೆ. ಆದರೆ ಯಾರ ಕಿವಿಗೆ ಹೋಗುತ್ತೆ ನೋಡು ಅಂತ ಸಾಬರೇ ಹೇಳಿದ್ದರಲ್ಲ. ಟೇಪ್ ಓಡಿಸಿದೆ.

ಸ್ಟೆಲ್ಲಾ ಯಾವಾಗಲೂ ಎತ್ತರಕ್ಕೆ ಏರಿ ಹಾಡೋಳು. ಅವತ್ತು ಧ್ವನಿಯನ್ನ ಕೆಳಗೆ ಇಳಿಸಿಕೊಂಡಳು, ಎದೆಯಿಂದ ಹಾಡಿದಳು. ಮೇರಿಯಮ್ಮ ಆರ್ಗನ್ನನ್ನ ಮುಟ್ಟಿಯೂ ಮುಟ್ಟದ ಹಾಗೆ ನುಡಿಸಿದರು. ಆರೋಗ್ಯಸ್ವಾಮಿ ಮೊದಲು ಕತ್ತು ಓರೆ ಮಾಡಿಕೊಂಡು ನಿಂತಿದ್ದರು, ಬಂಡೆ ಮುಂದೆ ನಿಂತವರ ಥರ. ಆಮೇಲೆ ಅವರ ಬಾಯಿ ತೆರೆದುಕೊಂಡಿತು, ಕಣ್ಣಲ್ಲಿ ನೀರು ಇಳೀತು, ಒರೆಸಿಕೊಳ್ಳಲಿಲ್ಲ. ಒರೆಸೋಕೆ ಕೈ ತೆಗೀಬೇಕಲ್ಲ.

ಹಾಡು ಮುಗೀತು. ಜೋಸೆಫನ ಕೊನೇ ತಂತಿ ಇನ್ನೂ ಗುಂಯ್ ಅಂತಿತ್ತು. ಅದು ಅಡಗೋವರೆಗೆ ಯಾರೂ ಉಸಿರೆತ್ತಬಾರದು ಅಂತ ಎಲ್ಲರಿಗೂ ಹೇಳಿದ್ದೆ, ಆರೋಗ್ಯಸ್ವಾಮಿ ಅವರಿಗೆ ಯಾರೂ ಹೇಳಿರಲಿಲ್ಲ.

"ಗಟ್ಟಿ!" ಅಂತ ಕೂಗಿದರು.

ರೆಕಾರ್ಡರಿನ ಮೀಟರಿನ ಮುಳ್ಳು ಹೋಗಿ ಕೊನೆಗೆ ಬಡೀತು. ಜೋಸೆಫ್ ನನ್ನ ಕಡೆ ನೋಡಿ, "ಅಣ್ಣಾ, ಇನ್ನೊಂದ್ಸಲ ನುಡಿಸ್ಬೇಕಾ?" ಅಂದ. "ಬ್ಯಾಡ" ಅಂದೆ.

ಕ್ಯಾಸೆಟ್ ಬಂದ ಮೇಲೆ ನಾನು ಹೇಳಿದ ಹಾಗೇ ಆಯಿತು. ಬಂಗಾರಪೇಟೆಯಲ್ಲಿ ಕೊಂಡವರು ಗೊರಗೊರ ಅನ್ನುತ್ತೆ ಅಂತ ವಾಪಸ್ ತಂದರು, ನಾನು ಅವರ ಜೊತೆ ಜಗಳಕ್ಕೆ ನಿಂತೆ. ಊರಿಗಾಂ, ಕೋರಮಂಡಲ್ ಲೈನುಗಳಲ್ಲಿ ಮಾತ್ರ ಆ ಸಲದ ಕ್ರಿಸ್‌ಮಸ್ಸಿಗೆ ಮುದುಕರೂ ಅದಕ್ಕೇ ಕುಣಿದರಂತೆ. ಎರಡನೇ ಆಲ್ಬಂ ಆಗಲಿಲ್ಲ. ಲೀನಾ ಮದುವೆಯಾಗಿ ಹೋದಳು, ಜೋಸೆಫ್ ಗಣಿ ಬಿಟ್ಟು ಹೊಸೂರು ಸೇರಿದ. ಆರೋಗ್ಯಸ್ವಾಮಿ ಗಣಿ ಮುಚ್ಚೋ ಮುಂಚೇನೇ ತೀರಿಕೊಂಡರು, ಮೇರಿಯಮ್ಮ ಆಮೇಲೆ.

ಪವಿತ್ರಾ, ನಿನ್ನ ಪ್ರಶ್ನೆಗೆ ನಾನೇ ಉತ್ತರ ಕೊಡಬಹುದಿತ್ತು. ಆದರೆ ನಿನಗೆ ಕೆಲಸ ಕೊಟ್ಟವಳು ಸ್ಟೆಲ್ಲಾ, ಅವಳನ್ನೇ ಕೇಳಬೇಕು ಅನ್ನಿಸಿತು. ನಿನ್ನೆ ಫೋನ್ ಮಾಡಿದೆ. ನನ್ನ ಕಿವಿಯೂ ಈಗ ಮಂದ, ಅವಳು ಜೋರಾಗೇ ಮಾತಾಡಬೇಕಾಯಿತು. ನಮ್ಮ ಹುಡುಗಿ ಹಾಡಿನ ಕೊನೆಯ ಕೂಗನ್ನ ಕತ್ತರಿಸಲಾ ಅಂತಾಳೆ ಕಣಮ್ಮಾ ಅಂದೆ.

"ಅಣ್ಣಾ, ನಮ್ಮಪ್ಪಂದು ಅಂತ ನಮ್ಮತ್ರ ಇರೋ ಧ್ವನಿ ಅದೊಂದೇ ಮಾತು," ಅಂದಳು. "ಬೇಕಾದ್ರೆ ಪಾಟು ಕತ್ತರಿಸ್ಕೊಳ್ಳಕ್ಕೆ ಅವಳಿಗೆ ಹೇಳಿ."